ಉಸಿರಕ್ಕ ಬಾಗಿಲು ತಟ್ಟುವ ಹೊತ್ತು

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಬಣ್ಣ ಸುಲಿದ ಬಾಗಿಲ ಮುಂದೆ ಒಬ್ಬ ಹೆಂಗಸು ನಿಂತಿದ್ದಾರೆ. ತಟ್ಟುವ ಮೊದಲು ಅವರು ಎರಡೂ ಅಂಗೈಗಳನ್ನು ಬಿರುಸಾಗಿ ಉಜ್ಜಿಕೊಳ್ಳುತ್ತಾರೆ, ಬಾಯಿಯ ಹತ್ತಿರ ತಂದು ಊದುತ್ತಾರೆ, ಮತ್ತೆ ಉಜ್ಜುತ್ತಾರೆ. ಆಮೇಲೆ ತಟ್ಟುತ್ತಾರೆ. ಒಳಗೆ ಹಾಡುತ್ತಿದ್ದ ರೇಡಿಯೊ ಥಟ್ಟನೆ ನಿಲ್ಲುತ್ತದೆ. ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ಅಲ್ಲೇ ಉಳಿಯುತ್ತದೆ. ಚಿಲಕ ಮಾತ್ರ ಅಲ್ಲಾಡುವುದಿಲ್ಲ.

"ಇಲ್ಲಿ ಯಾರೂ ಸತ್ತಿಲ್ಲ," ಎನ್ನುತ್ತದೆ ಒಳಗಿನಿಂದ ಒಂದು ದನಿ.

"ಗೊತ್ತಮ್ಮಾ. ಅದನ್ನೇ ಬರ್ಕೊಂಡು ಹೋಗೋಕೆ ಬಂದಿರೋದು," ಎನ್ನುತ್ತಾರೆ ಹೊರಗಿನವರು.

ಅವರ ಕೆಲಸ ಅಷ್ಟೇ. ಹಾಸಿಗೆ ಹಿಡಿದ ಪಿಂಚಣಿದಾರರ ಮನೆಮನೆಗೆ ಹೋಗಿ, ಅವರು ಬದುಕಿದ್ದಾರೆಂದು ಕಣ್ಣಾರೆ ಕಂಡು, ಸೋಪಿನ ಡಬ್ಬಿಯಷ್ಟು ದೊಡ್ಡದಾದ ಯಂತ್ರದ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಇಲಾಖೆಗೆ ಕಳಿಸುವುದು. ಕಳಿಸದಿದ್ದರೆ ಮುಂದಿನ ತಿಂಗಳ ಪಿಂಚಣಿ ನಿಲ್ಲುತ್ತದೆ. ಸುತ್ತಲಿನ ಓಣಿಗಳ ಮಕ್ಕಳು ಅವರಿಗಿಟ್ಟ ಹೆಸರು ಉಸಿರಕ್ಕ. ಈಗ ಇಲಾಖೆಯ ಗುಮಾಸ್ತರೂ ಹಾಗೇ ಕರೆಯುತ್ತಾರೆ. ಬೀದಿಯ ತುದಿಯಲ್ಲಿ ಅವರ ಕಂದು ಚೀಲ ಕಂಡರೆ ಸಾಕು, ಕಿಟಕಿಯ ಪರದೆಗಳು ಒಂದೊಂದಾಗಿ ಸರಿಯುತ್ತವೆ. ಹಾಲಿನವನು ಕೂಡ ಸೈಕಲ್ಲನ್ನು ರಸ್ತೆಯ ಆಚೆ ಬದಿಗೆ ತಿರುಗಿಸುತ್ತಾನೆ.

"ನನ್ನ ನೋಡಿ ನಗೋರು ಅಂದ್ರೆ ನಾಯಿಗಳು ಮಾತ್ರ," ಎನ್ನುತ್ತಾರೆ. "ಅವಕ್ಕೆ ಪಿಂಚಣಿ ಇಲ್ಲವಲ್ಲ."

ಇಷ್ಟು ಬೆಳಗ್ಗೆ ಯಾಕೆ ಎಂದರೆ, ಮುದುಕರು ಆಗಲೇ ಎದ್ದಿರುತ್ತಾರೆ, ಅವರನ್ನು ನೋಡಿಕೊಳ್ಳುವವರು ಇನ್ನೂ ಕೆಲಸಕ್ಕೆ ಹೊರಟಿರುವುದಿಲ್ಲ. ಇನ್ನೊಂದು ಕಾರಣವನ್ನು ಅವರು ಮೆಟ್ಟಿಲಿಳಿಯುವಾಗ, ದನಿ ತಗ್ಗಿಸಿ ಹೇಳುತ್ತಾರೆ. "ಆ ಹೊತ್ತಲ್ಲಿ ಮನೆಯವರಿಗೆ ನಾಟಕ ಆಡೋಕೆ ಆಗಲ್ಲ. ಹಾಸಿಗೆ ಹಾಸಿದ ಹಾಗೇ ಇರುತ್ತೆ. ವಾಸನೆ ಇದ್ದ ಹಾಗೇ ಇರುತ್ತೆ."

ಅಂಗೈ ಉಜ್ಜಿಕೊಳ್ಳುವ ಅಭ್ಯಾಸಕ್ಕೂ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ಹೋಗಿದ್ದರಂತೆ. ಮಗ ನಗುನಗುತ್ತಲೇ ಒಳಗೆ ಕರೆದ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಕಂಬಳಿ ಕಿವಿಯ ತನಕ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ, ಬೆರಳಷ್ಟೇ ತಗೊಳ್ಳಿ ಎಂದ ಮಗ. ಉಸಿರಕ್ಕ ಕಂಬಳಿಯೊಳಗೆ ಕೈ ಹಾಕಿದರು. ಚಳಿಗಾಲ. ಅವರ ಕೈಯೂ ಮರಗಟ್ಟಿತ್ತು. ಹಿಡಿದ ಕೈ ತಣ್ಣಗಿದೆಯೋ ತಮ್ಮ ಕೈಯೇ ತಣ್ಣಗಿದೆಯೋ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಮಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನಗು ಮುಖದಲ್ಲಿ ಹಾಗೇ ಇತ್ತು.

"ಏನೂ ಅನ್ಲಿಲ್ಲ ಅವನು. ಸುಮ್ನೆ ನಿಂತಿದ್ದ. ಯಂತ್ರ ಕೆಟ್ಟಿದೆ, ಇನ್ನೊಂದು ತರ್ತೀನಿ ಅಂದೆ. ಬಾಗಿಲು ಬಿಟ್ಟ. ಮೆಟ್ಟಿಲು ಹೇಗೆ ಇಳಿದೆ ಅನ್ನೋದು ಇವತ್ತಿಗೂ ಗೊತ್ತಿಲ್ಲ." ಅಂದಿನಿಂದ ತಮ್ಮ ಕೈ ಬೆಚ್ಚಗಾಗುವ ತನಕ ಅವರು ಯಾವ ಬಾಗಿಲನ್ನೂ ತಟ್ಟಿಲ್ಲ. ಇನ್ನೊಬ್ಬರ ಕೈ ನಿಜ ಹೇಳಬೇಕಾದರೆ ಮೊದಲು ತಮ್ಮ ಕೈ ಸರಿಯಿರಬೇಕು ಎನ್ನುವುದು ಅವರ ಲೆಕ್ಕ.

ಇದಕ್ಕೂ ಮುಂಚೆ ಅವರು ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಗಂಡ ಸರ್ಕಾರಿ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಿದ್ದವರು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹೆಂಡತಿಗೆ ಅರ್ಧ ಪಿಂಚಣಿ ಬಂತು. ಬೆನ್ನಿಗೇ ತೆರಿಗೆ ಇಲಾಖೆಯ ಲಕೋಟೆಯೂ ಬಂತು. "ಸತ್ತವರಿಗೆ ಬರೆದಿದಾರೆ ಅಂದ್ಕೊಂಡೆ. ನೋಡಿದ್ರೆ ನನ್ನ ಹೆಸರು. ಮೂರು ದಿನ ಅದನ್ನ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ನಾನೇನೋ ಕದ್ದಿದ್ದೀನಿ ಅನ್ನೋ ಹಾಗೆ." ಕಟ್ಟಬೇಕಾದದ್ದು ಏನೂ ಇರಲಿಲ್ಲ, ಆದಾಯವೇ ಅಷ್ಟು ಕಡಿಮೆ. ಆದರೆ ಆ ಮೂರು ದಿನದ ನಡುಕ ಅವರಿಗೆ ಇಂದೂ ನೆನಪಿದೆ. ಎದುರಿಗಿರುವವರ ಕೈ ನಡುಗಿದಾಗ ಅವರು ನೀರು ಕೇಳುತ್ತಾರೆ. ಬಾಯಾರಿಕೆಯಿಂದಲ್ಲ. ನೀರು ತರಲು ಎದ್ದು ಹೋದವರು ಒಳಗೆ ಒಂದು ಸಲ ಉಸಿರು ಬಿಟ್ಟು ಬರುತ್ತಾರೆ, ಅದಕ್ಕೆ.

ಮನೆಯಲ್ಲಿ ಜೊತೆಗಿರುವುದು ಮಗಳು, ಬಸ್ ಕಂಡಕ್ಟರ್. "ಲೋಕದಲ್ಲಿ ಯಾರ ಮನೆಗೆ ಹೋದ್ರೂ ಅವರು ಬದುಕಿರೋದು ನೋಡಿ ಸಂತೋಷಪಡೋಳು ನಮ್ಮಮ್ಮ ಒಬ್ಬಳೇ," ಎಂದು ಮಗಳು ಚುಡಾಯಿಸುತ್ತಾಳೆ. "ನಾವು ಬದುಕಿದ್ದೀವಾ ಅಂತ ಮಾತ್ರ ಕೇಳಲ್ಲ." ತಾಯಿಗೆ ತಿಂಗಳ ಸಂಬಳವಿಲ್ಲ. ಬಾಗಿಲಿಗೆ ಇಷ್ಟು ಎಂದು ಕೊಡುತ್ತಾರೆ. ತೆರೆಯದ ಬಾಗಿಲಿಗೆ ಏನೂ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಮನೆ ಮುಗಿದರೆ ಒಳ್ಳೆಯ ದಿನ. ಒಂದು ದೂರು ಹೋದರೆ ಪಟ್ಟಿಯಿಂದ ಹೆಸರು ಹೊರಗೆ.

ಬದುಕಿದ್ದೀರಾ ಎನ್ನುವುದಕ್ಕಿಂತ ಹೆಚ್ಚು ಹೆದರಿಸುವ ಇನ್ನೊಂದು ಪ್ರಶ್ನೆ ಎರಡು ವರ್ಷದಿಂದ ಅವರ ಚೀಲ ಸೇರಿದೆ. ಪಿಂಚಣಿ ಒಬ್ಬರದು, ಹಣ ಹೋಗುವುದು ಇನ್ನೊಬ್ಬರಿಗೆ. ಇಂಥ ಮನೆಗಳು ಎಣಿಸಿದ್ದಕ್ಕಿಂತ ಹೆಚ್ಚಿವೆ. ಅಲ್ಲಿ ಕೇಳಬೇಕು: ಇದನ್ನು ಕೊಡುತ್ತಿರುವುದು ಯಾಕೆ? ಉತ್ತರದ ಮೇಲೆ ತೆರಿಗೆ ಯಾರ ತಲೆಗೆ ಎಂಬುದು ತೀರ್ಮಾನವಾಗುತ್ತದೆ.

"ಬಹಳ ಸುಲಭ ಇದು, ಜನ ಸುಮ್ನೆ ಗೋಜಲು ಮಾಡ್ಕೊತಾರೆ," ಎನ್ನುತ್ತಾ ಅವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆರಳಿಂದ ಗೀಚಿ ತೋರಿಸುತ್ತಾರೆ. "ಗಂಡ ಹೆಂಡ್ತಿ ಬೇರೆ ಆದಾಗ ಪಿಂಚಣೀಲಿ ಪಾಲು ಕೊಡು ಅಂತ ಕೋರ್ಟು ಹೇಳಿದ್ರೆ, ಆ ಪಾಲಿನ ತೆರಿಗೆ ಪಡೆದವರದ್ದು. ಸತ್ತ ಮೇಲೆ ನನ್ನ ಹಾಗೆ ಬಂದ್ರೂ ಪಡೆದವರದ್ದೇ. ಆದ್ರೆ ತಾನೇ ಇಷ್ಟಪಟ್ಟು ತಮ್ಮನಿಗೋ ಮಗಳಿಗೋ ಇನ್ಯಾರಿಗೋ ಬರೆದುಕೊಟ್ರೆ, ದುಡ್ಡು ಯಾರ ಕೈ ಸೇರಿದ್ರೂ ತೆರಿಗೆ ಕೊಟ್ಟವರದ್ದು. ಕೈ ಬಿಟ್ಟು ಹೋಗಿರುತ್ತೆ, ತಲೆ ಬಿಟ್ಟು ಹೋಗಲ್ಲ." ಈ ಉತ್ತರ ಪಿಂಚಣಿದಾರರಿಂದಲೇ ಬರಬೇಕು. ಮನೆಯವರು ಆ ಕೋಣೆಯಲ್ಲಿ ಇರುವಂತಿಲ್ಲ. ಯಂತ್ರದ ಪರದೆಯ ಮೇಲೆ ಮೂರೇ ಗುಂಡಿ: ಕೋರ್ಟಿನ ಆದೇಶ, ಸ್ವಂತ ಇಚ್ಛೆ, ಉತ್ತರಿಸಲು ಅಶಕ್ತರು. ಮೂರನೆಯದನ್ನು ಒತ್ತಿದರೆ ವೈದ್ಯರ ಮಂಡಳಿ ಬಂದು ನೋಡುವ ತನಕ ಪಿಂಚಣಿ ಯಾರಿಗೂ ಇಲ್ಲ. ಆ ಮಂಡಳಿ ಯಾವಾಗ ಬರುತ್ತದೆ ಎಂದು ಕೇಳಿದರೆ ಇಲಾಖೆಯವರು ಕ್ಯಾಲೆಂಡರಿನ ಕಡೆ ನೋಡುವುದೂ ಇಲ್ಲ.

ಇಂದು ಬಾಗಿಲ ಹಿಂದೆ ನಿಂತಿರುವವರು ಒಬ್ಬ ನಿವೃತ್ತ ಮಿಲ್ ಮೇಸ್ತ್ರಿಯ ತಂಗಿ. ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಸಾಲು ನೋಡಿಕೊಳ್ಳುತ್ತಿದ್ದ ಅಣ್ಣನಿಗೆ ಹೋದ ವರ್ಷ ಲಕ್ವ ಹೊಡೆದಿದೆ. ಬಲಭಾಗ ಬಿದ್ದುಹೋಗಿದೆ, ನಾಲಿಗೆಗೆ ನಾಲ್ಕಾರು ಪದ ಉಳಿದಿವೆ. ಅವರ ಪಿಂಚಣಿಯ ಅರ್ಧ, ಎಷ್ಟೋ ವರ್ಷದ ಹಿಂದೆ ಬೇರೆಯಾದ ಹೆಂಡತಿಗೆ ಹೋಗುತ್ತದೆ. ಹಾಗೆ ಕೊಡಬೇಕೆಂದು ಕೋರ್ಟು ಹೇಳಿತ್ತು. ಆದರೆ ಆ ಆದೇಶಕ್ಕೊಂದು ಗಡುವಿತ್ತು. ಗಡುವು ಮುಗಿದು ಆರು ವರ್ಷವಾಗಿದೆ, ಹಣ ಮಾತ್ರ ನಿಂತಿಲ್ಲ. ಯಾಕೆ ಎಂದು ಕೇಳಿ ತೆರಿಗೆ ಇಲಾಖೆ ಕಾಗದ ಬರೆದಿದೆ. ಆದೇಶ ಹೊಸದಾಗಿ ಮುಂದುವರಿದಿದ್ದರೆ ತೆರಿಗೆ ಆ ಹೆಂಡತಿಯದು. ಇವರೇ ಇಷ್ಟಪಟ್ಟು ಕೊಟ್ಟಿದ್ದರೆ ಆರು ವರ್ಷದ ಬಾಕಿ ಇವರದು. ಉಳಿದರ್ಧದಲ್ಲೇ ಮುರಿದುಕೊಳ್ಳುತ್ತಾರೆ. ಆ ಉಳಿದರ್ಧದಲ್ಲಿ ಅಣ್ಣನ ಮಾತ್ರೆ, ಡಯಾಪರು, ಬಾಡಿಗೆ, ತಂಗಿಯ ಹೊಟ್ಟೆ ಎಲ್ಲ ಇವೆ.

ಚಿಲಕ ಕೊನೆಗೂ ಸರಿಯುತ್ತದೆ. ಬಾಗಿಲ ಸಂದಿಯಲ್ಲಿ ಕಾಣುವ ಮುಖ ರಾತ್ರಿಯಿಡೀ ನಿದ್ದೆಗೆಟ್ಟದ್ದು. ಉಸಿರಕ್ಕ ನೀರು ಕೇಳುತ್ತಾರೆ, ಕುಡಿಯುತ್ತಾರೆ, ಒಬ್ಬರೇ ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳುತ್ತಾರೆ. ತಂಗಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಒಲೆಯ ಮೇಲೆ ಹಾಲಿದೆ. ಗೋಡೆ ತೆಳುವಾಗಿದೆ. ಪ್ರಶ್ನೆಗಳು ಕೇಳಿಸುವುದಿಲ್ಲ, ಗುನುಗುನು ಎನ್ನುತ್ತದೆ ಅಷ್ಟೇ. ಉತ್ತರ ಕೇಳಿಸುತ್ತದೆ.

"ಕೋರ್ಟು."

ತಂಗಿಯ ಹೆಗಲು ಸಡಿಲವಾಗುತ್ತದೆ. "ಹೇಳ್ದ," ಎನ್ನುತ್ತಾರೆ ಮೆಲ್ಲಗೆ, ತಮ್ಮಷ್ಟಕ್ಕೆ. "ಹದಿನೈದು ದಿನದಿಂದ ಹೇಳಿಕೊಡ್ತಿದ್ದೀನಿ. ಮಗೂಗೆ ಹೇಳಿಕೊಟ್ಟ ಹಾಗೆ. ಒಂದು ಸಲ ಸರಿಯಾಗಿ ಹೇಳಿದ್ರೆ ಒಂದು ಚಮಚ ಜೇನು. ಇನ್ನೇನ್ಮಾಡೋದು. ತಿನ್ನೋಳು ಅವಳು, ಕಟ್ಟೋರು ನಾವಾ? ಆ ಹೆಂಗಸು ಒಂದಿನ ಬಂದು ಇವನ ಮಗ್ಗುಲು ತಿರುಗಿಸಿದಾಳಾ?"

ಗೋಡೆಯಾಚೆ ಮತ್ತೆ ಗುನುಗು. ಮತ್ತೆ ಉತ್ತರ.

"ಕೋರ್ಟು."

"ಎರಡು ಸಲ ಕೇಳ್ತಾರೇನೋ," ಎನ್ನುತ್ತಾರೆ ತಂಗಿ. ಆದರೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳತೊಡಗಿದೆ.

ಈ ಸಲ ಉಸಿರಕ್ಕನ ದನಿ ಸ್ವಲ್ಪ ಏರುತ್ತದೆ. ಪ್ರಶ್ನೆಯೂ ಸ್ಪಷ್ಟವಾಗಿ ಕೇಳಿಸುತ್ತದೆ. "ಅಣ್ಣಾ, ನಿಮ್ಮ ಹೆಸರೇನು?"

"ಕೋರ್ಟು."

"ನಿನ್ನೆ ರಾತ್ರಿ ಊಟಕ್ಕೆ ಏನಿತ್ತು?"

"ಕೋರ್ಟು."

ಹಾಲು ಉಕ್ಕಿ ಒಲೆ ನಂದುತ್ತದೆ. ತಂಗಿ ನೋಡುವುದಿಲ್ಲ. ಮುಖದ ಬಣ್ಣ ಇಳಿದುಹೋಗಿದೆ. ಹೆಸರು ಹೇಳಲಾಗದವನು ಅಶಕ್ತ. ಅಶಕ್ತನಾದರೆ ಮೂರನೇ ಗುಂಡಿ. ಜೇನು ತಿನ್ನಿಸಿ ತಿನ್ನಿಸಿ ತಾವೇ ಅಣ್ಣನ ಬಾಯಲ್ಲಿ ಒಂದೇ ಒಂದು ಪದ ಉಳಿಸಿದ್ದಾರೆ. "ಮೊನ್ನೆ ತನಕ ನನ್ನ ಹೆಸರು ಹೇಳ್ತಿದ್ದ," ಎನ್ನುತ್ತಾರೆ. ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅವರಿಗೇ ತಿಳಿದಂತಿಲ್ಲ.

ಆಮೇಲೆ ಗೋಡೆಯಾಚೆ ಪ್ರಶ್ನೆಗಳ ಗುನುಗು ಮಾತ್ರ, ಉತ್ತರ ಕೇಳಿಸುವುದಿಲ್ಲ. ಪಾತ್ರೆಯ ಅಂಚಿಂದ ಹಾಲು ತೊಟ್ಟಿಕ್ಕುವುದೂ ಕೇಳುತ್ತದೆ. ಒಮ್ಮೆ, ಒಂದೇ ಒಮ್ಮೆ, ಉಸಿರಕ್ಕ ನಕ್ಕಂತೆ ಸದ್ದಾಗುತ್ತದೆ. ಆ ಮನೆಯಲ್ಲಿ ಆ ಹೊತ್ತಿಗೆ ಅದಕ್ಕಿಂತ ಭಯಾನಕವಾದ ಸದ್ದು ಇನ್ನೊಂದಿರಲಾರದು.

ಹೊರಬಂದಾಗ ಅವರು ಚೀಲದ ಜಿಪ್ ಎಳೆದಾಗಿದೆ. ಕೂತ್ಕೊಳ್ಳಿ ಎನ್ನುತ್ತಾರೆ. ತಂಗಿ ಕೂರುವುದಿಲ್ಲ.

"ನಿಮ್ಮಣ್ಣ ಚೆನ್ನಾಗಿ ಮಾತಾಡ್ತಾರಮ್ಮಾ. ಕೈಯಲ್ಲಿ."

"ಕೈಯಲ್ಲಾ?"

"ಎಡಗೈ. ಮಗ್ಗದ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಲ್ಲವಲ್ಲ, ಮಿಲ್ಲಿನೋರೆಲ್ಲ ಕೈ ಸನ್ನೇಲೇ ಮಾತಾಡ್ತಾ ಇದ್ರು. ನನ್ನ ಪಟ್ಟೀಲಿ ಅಂಥ ಮುದುಕರು ಬಹಳ ಜನ ಇದ್ದಾರೆ, ಅಲ್ಲಿ ಇಲ್ಲಿ ನಾಲ್ಕು ಸನ್ನೆ ಕಲಿತಿದ್ದೀನಿ. ಬಾಯಿ ಕೋರ್ಟು ಅಂತಿತ್ತು, ಕೈ ಬೇರೆ ಏನೋ ಹೇಳ್ತಿತ್ತು. ಪರೀಕ್ಷೆ ಮಾಡಿ ನೋಡ್ದೆ. ಕಿಟಕಿ ಎಷ್ಟು ಅಂದೆ, ಎರಡು ಬೆರಳು. ನಾನು ಗಂಡಸಾ ಅಂದೆ, ಮಗ್ಗ ನಿಲ್ಲಿಸು ಅನ್ನೋ ಸನ್ನೆ, ಅಂಗೈ ಅಡ್ಡ, ಅಲ್ಲ ಅಂತ. ಆಮೇಲೆ ಅವರೇ ಮೀಸೆ ತಿರುವಿ ತೋರಿಸಿದ್ರು, ಮೀಸೆ ಇರೋದು ತಮಗೆ, ನನಗಲ್ಲ ಅಂತ. ನಗು ಬಂತು."

"ದುಡ್ಡಿಂದು?"

"ಕೋರ್ಟು ಹೇಳ್ತು ಅಂತ ಕೊಟ್ರಾ ಅಂದೆ. ಅಂಗೈ ಅಡ್ಡ. ಮತ್ತೆ ಯಾರು ಅಂದೆ. ಎದೆ ಮುಟ್ಕೊಂಡ್ರು. ಮೂರು ಥರ ತಿರುಗಿಸಿ ಕೇಳ್ದೆ. ಮೂರು ಸಲವೂ ಎದೆ."

ತಂಗಿ ಗೋಡೆ ಹಿಡಿದುಕೊಂಡು ಕೆಳಗೆ ಜಾರಿ ಕೂರುತ್ತಾರೆ. ತೆರಿಗೆಯ ಮಾತು ಮೊದಲು ಬರಬೇಕಿತ್ತು. ಬರುವುದಿಲ್ಲ. "ಆ ಕೈ ಸುಮ್ನೆ ಅಲ್ಲಾಡುತ್ತೆ ಅಂದ್ಕೊಂಡಿದ್ದೆ," ಎನ್ನುತ್ತಾರೆ. "ರಾತ್ರಿಯೆಲ್ಲ ಅಲ್ಲಾಡಿಸ್ತಾನೆ ಅಂತ ಹೊದಿಕೆ ಒಳಗೆ ಸಿಕ್ಕಿಸಿ ಕಟ್ಟಿಬಿಡ್ತಿದ್ದೆ."

ಸಿಟ್ಟು ಬರುವುದು ಆಮೇಲೆ, ಬಾಗಿಲ ಹತ್ತಿರ. ಸ್ವಂತ ಇಚ್ಛೆ ಎಂಬ ಗುಂಡಿ ಒತ್ತಿಯಾಗಿದೆ ಎಂದು ತಿಳಿದ ಮೇಲೆ. ಪಿಂಚಣಿ ನಿಲ್ಲುವುದಿಲ್ಲ, ಬಾಕಿಯನ್ನು ಕಂತಿನಲ್ಲಿ ಮುರಿಯಿರಿ ಎಂದು ಅರ್ಜಿ ಕೊಡಬಹುದು, ನಾನೇ ಬರೆಸಿಕೊಡ್ತೀನಿ ಎಂದು ಉಸಿರಕ್ಕ ಹೇಳುತ್ತಲೇ ಇದ್ದಾರೆ. "ಒಂದು ಗುಂಡಿ ಆಚೆ ಈಚೆ ಒತ್ತಿದ್ರೆ ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತಾ?" ಎನ್ನುತ್ತಾರೆ ತಂಗಿ. "ಸನ್ನೆ ಗಿನ್ನೆ ಅಂತ ಕಥೆ ಕಟ್ಟಿದ್ರಿ ಅಂತ ದೂರು ಕೊಡ್ತೀನಿ. ನೋಡ್ತಾ ಇರಿ." ಬಾಗಿಲು ಮುಚ್ಚುತ್ತದೆ. ರೇಡಿಯೊ ಮತ್ತೆ ಹಾಡುವುದಿಲ್ಲ.

ಬೀದಿಗಿಳಿದ ಮೇಲೆ ಉಸಿರಕ್ಕ ಮುಂದಿನ ಮನೆಯ ಕಡೆ ನಡೆಯುತ್ತಾರೆ. ಕೋರ್ಟು ಎಂದೇ ಒತ್ತಿಬಿಡಬಹುದಿತ್ತಲ್ಲ, ಬಾಯಿ ಹೇಳಿದ್ದು ಅದನ್ನೇ ಅಲ್ಲವೇ ಎಂದರೆ ಕೈಯನ್ನು ಚೀಲದ ಪಟ್ಟಿಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ. "ಒತ್ತಿದ್ರೆ ಕಾಗದ ಆ ಇನ್ನೊಂದು ಮನೆಗೆ ಹೋಗ್ತಿತ್ತು. ಆ ಮನೆಗೂ ಹೋಗೋಳು ನಾನೇ. ಪಡೆಯೋರನ್ನೂ ವರ್ಷಕ್ಕೊಂದು ಸಲ ನೋಡಬೇಕು. ಅವರೂ ಒಬ್ಬರೇ ಇರೋದು, ಬಟ್ಟೆ ಹೊಲೀತಾರೆ. ನಾನು ಹೋದಾಗೆಲ್ಲ ಬಾಗಿಲು ಅರ್ಧ ತೆಗೆದು ಒಂದೇ ಮಾತು ಕೇಳೋದು. 'ಅವರು ಹೋದ್ರಾ?' ಇಲ್ಲಮ್ಮಾ, ಇದ್ದಾರೆ ಅಂತೀನಿ. ಆಗ ಪೂರ್ತಿ ತೆಗೀತಾರೆ." ಸ್ವಲ್ಪ ತಡೆದು, "ಈ ಕೆಲಸದಲ್ಲಿ ಯಾರಿಗೂ ಒಳ್ಳೇದು ಮಾಡೋಕೆ ಆಗಲ್ಲ. ಅವರು ಹೇಳಿದ್ದನ್ನ ಹೇಳಿದ ಹಾಗೆ ಕಳಿಸಬಹುದು. ಅಷ್ಟೇ ನನ್ನ ಕೈಲಿರೋದು."

ಆ ವಾರವಿಡೀ ಅವರು ದೂರಿಗಾಗಿ ಕಾಯುತ್ತಾರೆ. ಫೋನು ಗುಂಯ್ ಎಂದರೆ ಬೆಚ್ಚಿ ಬೀಳುತ್ತಾರೆ. ಹೊಸ ಮನೆಗಳ ಪಟ್ಟಿ ಬೆಳಗ್ಗೆ ತಡವಾಗಿ ಬಂದರೆ, ತಮ್ಮನ್ನು ತೆಗೆದೇಬಿಟ್ಟರು ಎಂದುಕೊಂಡು ಚೀಲ ಗೂಟಕ್ಕೆ ನೇತುಹಾಕುತ್ತಾರೆ, ಪಟ್ಟಿ ಬಂದ ಮೇಲೆ ತೆಗೆಯುತ್ತಾರೆ. ಸನ್ನೆಯನ್ನು ಉತ್ತರವೆಂದು ಒಪ್ಪಬಹುದೇ ಎಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಕೇಳೋಣವೆಂದರೆ ಕೇಳಿದ್ದೇ ತಪ್ಪಾದರೆ? ಮಗಳೂ ಈಗ ಚುಡಾಯಿಸುವುದಿಲ್ಲ. "ಅಮ್ಮಾ, ಆಸ್ಪತ್ರೇಲಿ ಮತ್ತೆ ಆಯಾ ಕೆಲಸ ಕೇಳಿ ನೋಡೋಣ್ವಾ?" ಎನ್ನುತ್ತಾಳೆ.

ಎಂಟನೆಯ ಬೆಳಗ್ಗೆ ಅವರು ಹೊರಡಲು ಚಪ್ಪಲಿ ಮೆಟ್ಟುತ್ತಿರುವಾಗ ಅವರದೇ ಬಾಗಿಲನ್ನು ಯಾರೋ ತಟ್ಟುತ್ತಾರೆ. ಅಷ್ಟು ಬೆಳಗ್ಗೆ ಆ ಮನೆಯ ಬಾಗಿಲು ತಟ್ಟುವವರಿಲ್ಲ. ಉಸಿರಕ್ಕ ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ತೆಗೆಯುವುದಿಲ್ಲ. ಮಗಳು ಹಿಂದಿನಿಂದ ನೋಡುತ್ತಿದ್ದಾಳೆ. ಮತ್ತೆ ತಟ್ಟಿದ ಮೇಲೆ ಚಿಲಕ ಸರಿಯುತ್ತದೆ.

ಮೇಸ್ತ್ರಿಯ ತಂಗಿ. ಇಲಾಖೆಯ ಗುಮಾಸ್ತರಿಂದ ವಿಳಾಸ ಪಡೆದು ಬಂದಿದ್ದಾರೆ. ಒಳಗೆ ಬನ್ನಿ ಎಂದರೂ ಬರುವುದಿಲ್ಲ. ದೂರಿನ ಮಾತೂ ಇಲ್ಲ, ಬಾಕಿಯ ಮಾತೂ ಇಲ್ಲ. ಹೊಸ್ತಿಲಾಚೆ ನಿಂತು ಎಡಗೈ ಎತ್ತುತ್ತಾರೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ಸೇರಿಸಿ, ಗಲ್ಲದ ಕೆಳಗಿನಿಂದ ಹೊರಕ್ಕೆ ಮೆಲ್ಲಗೆ ಎಳೆಯುತ್ತಾರೆ, ನೂಲು ಎಳೆದಂತೆ.

"ನನ್ನ ನೋಡಿದಾಗೆಲ್ಲ ಹೀಗೆ ಮಾಡ್ತಾನೆ. ಬೆಳಗ್ಗೆಯಿಂದ ರಾತ್ರಿ ತನಕ. ಹಸಿವಾ ಅಂದೆ, ಅಂಗೈ ಅಡ್ಡ. ನೋವಾ ಅಂದೆ, ಅಂಗೈ ಅಡ್ಡ. ಏನಕ್ಕಾ ಇದು? ಬೈಯ್ತಿದ್ದಾನಾ ನನ್ನ?"

ಉಸಿರಕ್ಕ ಅದೇ ಸನ್ನೆಯನ್ನು ತಾವೂ ಒಮ್ಮೆ ಮಾಡಿ ನೋಡುತ್ತಾರೆ. ಮತ್ತೊಮ್ಮೆ. "ಗೊತ್ತಿಲ್ಲಮ್ಮಾ. ನನಗೆ ಬರೋದು ನಾಲ್ಕೇ. ಇದು ನೋಡಿಲ್ಲ."

"ಬೇರೆ ಮುದುಕರನ್ನ ಕೇಳಿದ್ರೆ?"

"ಒಂದೊಂದು ಮಿಲ್ಲಿಗೆ ಒಂದೊಂದು ಥರ. ಅದೇ ಮಿಲ್ಲಲ್ಲಿ, ಅವರ ಸಾಲಲ್ಲೇ ಇದ್ದೋರಾದ್ರೆ ಹೇಳ್ತಾರೆ."

ತಂಗಿ ಮೆಟ್ಟಿಲ ಕಡೆ ನೋಡುತ್ತಾರೆ. ಅಣ್ಣನ ಸಾಲಿನಲ್ಲಿದ್ದವರು, ಅವನ ಕೈ ನೋಡಿ ನಕ್ಕವರು, ಅವನನ್ನು ಅಲ್ಲೇ ಕಂಡು ಮೆಚ್ಚಿ ಮದುವೆಯಾದವರು ಒಬ್ಬರೇ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ.

"ಅತ್ತಿಗೆ ಮನೆ ಎಲ್ಲಿದೆ?"

"ವಿಳಾಸ ಹೇಳೋ ಹಾಗಿಲ್ಲ. ಹೇಳಿದ್ರೆ ನಿಜವಾಗಲೂ ನನ್ನ ಕೆಲಸ ಹೋಗುತ್ತೆ."

ತಂಗಿ ತಲೆಯಾಡಿಸುತ್ತಾರೆ. ಆದರೆ ಹೋಗುವುದಿಲ್ಲ. ಉಸಿರಕ್ಕ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಾರೆ, ಬಾಗಿಲೆಳೆದುಕೊಳ್ಳುತ್ತಾರೆ. ಎರಡು ಮೆಟ್ಟಿಲಿಳಿದು, ಮುಖ ತಿರುಗಿಸದೆ ಹೇಳುತ್ತಾರೆ.

"ನಾನು ಕೆಲಸಕ್ಕೆ ಹೊರಟೆ. ಇವತ್ತಿನ ಮೊದಲನೇ ಮನೆ ಒಬ್ಬರು ಬಟ್ಟೆ ಹೊಲಿಯೋರದ್ದು. ನನ್ನ ನಡಿಗೆ ನಿಧಾನ. ಹಿಂದೆ ಯಾರು ಬರ್ತಿದಾರೆ ಅಂತ ತಿರುಗಿ ನೋಡೋ ಅಭ್ಯಾಸ ನನಗಿಲ್ಲ."